ಸೂತಕದ ಮನೆಯ ಸುನಾಖರಿ

“ಮುಟ್ಬೇಡ! ಆ ಕುಂಡ ಮುಟ್ಬೇಡ ಮುಖಿಯಾ!”

ಅಡುಗೆಮನೆಯ ಬಾಗಿಲಿನಿಂದ ನಿಮ್ಕಿತ್ ಆಮಾ ಕೂಗಿದ ರಭಸಕ್ಕೆ ನಾನು ಚಾಚಿದ್ದ ಕೈಯನ್ನು ಹಿಂದಕ್ಕೆ ಎಳೆದುಕೊಂಡೆ. ಎಪ್ಪತ್ತು ದಾಟಿದ ಮುದುಕಿಯ ಗಂಟಲಲ್ಲಿ ಇಷ್ಟು ಕಸುವಿದೆ ಎಂದು ನನಗೆ ಗೊತ್ತಿರಲಿಲ್ಲ. ನನ್ನ ಹಿಂದೆ ನಿಂತಿದ್ದ ಹವಾಲ್ದಾರ ಸಂತಬೀರ್ ಅಂತೂ ಹೆಜ್ಜೆ ಹಿಂದಿಟ್ಟು ಬೇಲಿಗೆ ಅಂಟಿಕೊಂಡ.

“ಯಾಕೆ ಆಮಾ? ಬಾಂಬ್ ಗೀಂಬ್ ಇಟ್ಟಿದ್ದಾರಾ ಇದರಲ್ಲಿ?”

“ಬಾಂಬಾದ್ರೂ ವಾಸಿ, ಒಂದೇ ಸಲ ಹೊಡೆದು ಮುಗಿಸ್ತದೆ. ಇದು ಸಾವಿನ ಮನೆಯಿಂದ ಬಂದಿದೆ. ಬೆಳಿಗ್ಗೆ ಎದ್ದು ನೋಡ್ತೀನಿ, ಗೇಟಿನ ಒಳಗೆ ಕೂತಿದೆ. ನನ್ನ ಮಗನ್ನ ಒಳಗೆ ಹಾಕಿಸಿದ್ದು ಸಾಲದು ಅಂತ ಆ ಧಕಾಲರ ಮನೆಯವರು ಈಗ ಮಾಟ ಬೇರೆ ಮಾಡಿಸಿದ್ದಾರೆ.”

ಆಮಾಳ ಮಗ ನೋರ್ಡೆನ್ ಲೆಪ್ಚಾ ನಾನು ಮುಖ್ಯಸ್ಥಳಾಗಿರುವ ರಾತೋಮಾಟೆ ಪೊಲೀಸ್ ಠಾಣೆಯ ಲಾಕಪ್ಪಿನಲ್ಲಿದ್ದ. ದಿಲ್ಲಿರಾಮ್ ಧಕಾಲ್‌ನನ್ನು ತೀಸ್ತಾ ಹೊಳೆಯ ಸೇತುವೆಯಿಂದ ತಳ್ಳಿ ಕೊಂದ ಎಂಬುದು ಅವನ ಮೇಲಿನ ಆರೋಪ. ಹೆಣ ಸಿಕ್ಕಿರಲಿಲ್ಲ. ಸಿಕ್ಕಿದ್ದು ಸೇತುವೆಯ ಕಂಬಿಗೆ ಸಿಕ್ಕಿಕೊಂಡಿದ್ದ ಒಂದು ಶಾಲು, ಕೆಳಗೆ ಒಂದು ಚಪ್ಪಲಿ. ಜೊತೆಗೆ, ಆ ಸಂಜೆ ಇಬ್ಬರೂ ಅಲ್ಲಿ ನಿಂತು ಕೂಗಾಡುತ್ತಿದ್ದುದನ್ನು ನೋಡಿದ ಲಾರಿ ಡ್ರೈವರುಗಳು.

ನನ್ನ ಮೇಲಿನವರಿಗೆ ಅಷ್ಟೇ ಸಾಕಾಗಿತ್ತು. ಪೊಲೀಸ್ ಕಸ್ಟಡಿಯ ಗಡುವು ಮುಗಿದು ನಾಳೆ ಬೆಳಿಗ್ಗೆ ನೋರ್ಡೆನ್ ಮತ್ತೆ ಕೋರ್ಟಿಗೆ, ಅಲ್ಲಿಂದ ಜೈಲಿಗೆ. ಕೊಲೆ ಕೇಸಿನಲ್ಲಿ ಆ ಗೇಟು ದಾಟಿದವನು ವಿಚಾರಣೆ ಮುಗಿಯುವ ತನಕ ಹೊರಗೆ ಬರುವುದು ಕನಸಿನ ಮಾತು. ವಿಚಾರಣೆ ಎಷ್ಟು ವರ್ಷ ಎಳೆಯುತ್ತದೆ ಎಂದು ನನ್ನನ್ನು ಕೇಳಿ, ಹೇಳುತ್ತೇನೆ. ಮಗ ಹೊರಬರುವ ಹೊತ್ತಿಗೆ ಈ ಮುದುಕಿ ಇರುವುದಿಲ್ಲ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಅವನಿಗೊಂದು ಬೆಚ್ಚಗಿನ ಕೋಟು ತೆಗೆದುಕೊಂಡು ಹೋಗೋಣ ಎಂದು ನಾನು ಬಂದಿದ್ದೆ. ಇನ್ನೇನೂ ಮಾಡಲಾಗದ ಪೊಲೀಸರು ಮಾಡುವ ಕೆಲಸ ಅದು.

“ನಾನು ಮುಟ್ಟಲ್ಲ ಆಮಾ, ಬರೀ ನೋಡ್ತೀನಿ,” ಎಂದು ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಮಂಡಿಗಳೆರಡೂ ಲಟಲಟ ಎಂದವು. ಸಂತಬೀರ್ ಕೇಳಿಸದವನಂತೆ ಆಕಾಶ ನೋಡಿದ.

ಪಕ್ಕದಲ್ಲಿ ತೂತುಗಳಿದ್ದ ಮಣ್ಣಿನ ಕುಂಡ. ಕಂಠದ ಸುತ್ತ ಸುಣ್ಣದ ಗೆರೆ. ಹೀಗೆ ಕುಂಡಕ್ಕೆ ಸುಣ್ಣದ ಗೆರೆ ಎಳೆಯುವವನು ನಮ್ಮ ಬೆಟ್ಟದಲ್ಲಿ ದಿಲ್ಲಿರಾಮ್ ಒಬ್ಬನೇ. ಒಳಗೆ ಸುನಾಖರಿ ಗಿಡದ ಒಂದು ತುಂಡು: ಮೂರು ಗೆಡ್ಡೆ, ಉದ್ದುದ್ದ ಎಲೆ, ಬದಿಯಲ್ಲಿ ಎಳೆ ಮೊಳಕೆ. ಸುನಾಖರಿ ಅಂದರೆ ನೀವು ಆರ್ಕಿಡ್ ಅನ್ನುವ ಹೂವು. ನಮ್ಮ ಕಡೆ ಅದಿಲ್ಲದ ಜಗಲಿಯೇ ಇಲ್ಲ, ನನ್ನ ಕ್ವಾರ್ಟರ್ಸಿನ ಕಿಟಕಿಯಲ್ಲೂ ನಾಲ್ಕಿವೆ.

“ಯಾವ ಗಿಡ ಅಂತ ಗೊತ್ತಾಯ್ತಾ ಆಮಾ?”

“ಗೊತ್ತಾಗದೆ ಏನು? ಕಾಡಿನಿಂದ ಬೆನ್ನ ಮೇಲೆ ಹೊತ್ತು ತಂದವಳು ನಾನು. ಎಲೆಯ ಬುಡ ನೋಡು, ನೇರಳೆ ಗೆರೆ ಇದೆ. ಇಡೀ ಬೆಟ್ಟ ಹುಡುಕಿದ್ರೂ ಅಂಥದ್ದು ಇನ್ನೊಂದು ಸಿಗಲ್ಲ.”

ಸೇತುವೆಯ ಮೇಲೆ ಜಗಳ ನಡೆದದ್ದೇ ಈ ಗಿಡಕ್ಕಾಗಿ.

ನಮ್ಮಲ್ಲಿ ಸುನಾಖರಿಯನ್ನು ಯಾರೂ ಅಂಗಡಿಯಿಂದ ತಂದು ಬೆಳೆಸುವುದಿಲ್ಲ. ಯಾರದೋ ಮನೆಯಿಂದ ಒಂದು ತುಂಡು ಬರುತ್ತದೆ. ಅದು ಬೆಳೆದು ಕುಂಡ ಬಿರಿಯುವಷ್ಟಾದಾಗ, ಹೂ ಮುಗಿದ ಮೇಲೆ ಚೈತ್ರದಲ್ಲಿ ಅದನ್ನು ಕಿತ್ತು, ಪಾಲು ಮಾಡಿ, ಹೊಸ ಕುಂಡಕ್ಕೆ ಹಾಕುತ್ತೇವೆ. ಹಾಗೆ ಮಾಡಿದ ಮೊದಲ ಪಾಲು ಗಿಡ ಕೊಟ್ಟ ಮನೆಗೆ ವಾಪಸ್ ಹೋಗಬೇಕು. ನಿಮ್ಮಲ್ಲಿ ಸತ್ತರೂ ಅವರಲ್ಲಿ ಉಳಿಯಲಿ ಎಂದು. ಕೊಡದೆ ಇಟ್ಟುಕೊಂಡವನನ್ನು ಜನ ಕಳ್ಳ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಅವನ ಮನೆಯ ಮದುವೆಗೆ ಹೋದಾಗ ಊಟದ ಹೊತ್ತಿಗೆ ಎದ್ದು ಬರುತ್ತಾರೆ.

ದಿಲ್ಲಿರಾಮ್‌ನ ಹೆಂಡತಿ ದೇವಕಲಾ ಸೊಸೆಯಾಗಿ ಊರಿಗೆ ಬಂದಾಗ ನಿಮ್ಕಿತ್ ಆಮಾ ಮುಯ್ಯಿ ಮಾಡಿದ್ದು ಈ ಗಿಡ. ಅದು ಹಾಲಿನಂಥ ಬಿಳಿ ಹೂ ಬಿಟ್ಟಾಗ ದಿಲ್ಲಿರಾಮ್ ಅದಕ್ಕೆ ತನ್ನ ಹೆಸರಿಟ್ಟ, ಪ್ರದರ್ಶನಗಳಲ್ಲಿ ಮೆರೆಸಿದ. ಕುಂಡ ಬದಲಿಸುತ್ತಲೇ ಹೋದ, ಪಾಲು ಮಾತ್ರ ಮಾಡಲಿಲ್ಲ. ಆಮಾಳ ಮನೆಯ ಮೂಲ ಗಿಡ ಹೋದ ಮಳೆಗಾಲದಲ್ಲಿ ಕೊಳೆತು ಸತ್ತಿತು. ನನ್ನ ತಾಯಿಯ ಗಿಡದ ಒಂದು ತುಂಡು ಕೊಡು ಎಂದು ನೋರ್ಡೆನ್ ಕೇಳಿದ. ಅಷ್ಟೇ ಅವನು ಕೇಳಿದ್ದು.

ಈಗ ಆ ತುಂಡು ಇಲ್ಲಿತ್ತು. ಗಂಡನನ್ನು ಕೊಂದವನ ಮನೆಗೆ ಮೊದಲ ಪಾಲು ಕಳಿಸುವವರು ಯಾರು?

ಒಂದು ಕಡ್ಡಿ ತೆಗೆದುಕೊಂಡು ಕುಂಡದ ಮೇಲ್ಪದರ ಕೆದಕಿದೆ. ಮರಜರಿ ಗಿಡದ ನಾರಿನ ಚೂರು, ಇದ್ದಿಲು, ಇಟ್ಟಿಗೆ ಪುಡಿ, ಎಲ್ಲ ಹೊಸದು. ಗೆಡ್ಡೆ ಕತ್ತರಿಸಿದ ಜಾಗ ಕಾಣಿಸಿತು. ಅಂಚು ತರಿತರಿಯಾಗಿತ್ತು, ಅಡುಗೆಮನೆಯ ಚಾಕುವಿನಲ್ಲಿ ಕುಯ್ದ ಹಾಗೆ. ಗೆಡ್ಡೆಗಳನ್ನು ಕುತ್ತಿಗೆಯ ತನಕ ಹೂತಿದ್ದರು. ಶುಂಠಿ, ಬೆಳ್ಳುಳ್ಳಿ ನೆಡುವವರು ಮಾಡುವ ತಪ್ಪು ಅದು. ಸುನಾಖರಿಯ ಗೆಡ್ಡೆ ಮೇಲೆ ಕೂರಬೇಕು, ಬೇರು ಮಾತ್ರ ಒಳಗಿರಬೇಕು. ಆದರೆ ಕೊಯ್ದ ಗಾಯಕ್ಕೆ ಅರಿಶಿನ ಹಚ್ಚಿದ್ದರು, ಮಗುವಿನ ಗಾಯಕ್ಕೆ ಹಚ್ಚುವಷ್ಟು ಧಾರಾಳವಾಗಿ.

“ಮಾಟ ಮಾಡೋರು ಗಿಡಕ್ಕೆ ಔಷಧಿ ಹಚ್ತಾರಾ ಆಮಾ?”

ಮುದುಕಿ ಬಗ್ಗಿ ನೋಡಿದಳು.

“ಅರಿಶಿನ,” ಎಂದಳು. “ಬದುಕಲಿ ಅಂತ ಹಚ್ಚಿದ್ದಾರೆ.”

“ಹೌದು. ಬದುಕಲಿ ಅಂತ. ಕೋಟು ರೆಡಿ ಮಾಡಿಟ್ಟಿರಿ, ಆಮೇಲೆ ಬರ್ತೀನಿ. ಬೇಕಾಗದೆ ಇದ್ರೂ ಇರಬಹುದು.”

ಹಾಗೆ ಹೇಳಬಾರದಿತ್ತು. ಮುದುಕಿ ನನ್ನ ಕೈ ಹಿಡಿದುಕೊಂಡಳು, ಬಿಡಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ.

ಧಕಾಲರ ಮನೆಯ ಏರುದಾರಿಯಲ್ಲಿ ಸಂತಬೀರ್ ಬಾಯಿಬಿಟ್ಟ. “ಮ್ಯಾಡಂ, ಒಂಬತ್ತನೇ ದಿನ ನಡೀತಿದೆ ಅಲ್ಲಿ. ಸೂತಕದ ಮನೆಗೆ ಹೋಗಿ ಗಿಡದ ವಿಚಾರ ಕೇಳಿದ್ರೆ ಜನ ನಮ್ಮ ಮುಖಕ್ಕೆ ಉಗೀತಾರೆ.”

“ನಿನ್ನ ಮುಖಕ್ಕೆ ಉಗಿಯಲ್ಲ ಬಿಡೋ. ನೀನು ಗೇಟಿನ ಹೊರಗೆ ನಿಂತಿರು.”

“ಅದು ಒಳ್ಳೇ ಮಾತು,” ಎಂದ.

ಧಕಾಲರ ಅಂಗಳ ನಿಶ್ಶಬ್ದವಾಗಿತ್ತು. ಮೂಲೆಯಲ್ಲಿ ಬಿದಿರಿನ ಚಿಕ್ಕ ಗುಡಿಸಲು, ಅದರ ಸುತ್ತ ಸಗಣಿಯ ಗೆರೆ. ಒಳಗೆ ದಿಲ್ಲಿರಾಮ್‌ನ ಅಣ್ಣನ ಮಗ ಟೀಕಾರಾಮ್ ಕ್ರಿಯೆಗೆ ಕೂತಿದ್ದ. ಗಂಡುಮಕ್ಕಳಿಲ್ಲದ ಮನೆ, ಚಿಕ್ಕಂದಿನಿಂದ ಇವರೇ ಸಾಕಿದ ಹುಡುಗ; ಈಗ ಇಪ್ಪತ್ತೈದು ದಾಟಿದ್ದ. ತೀಸ್ತಾ ತೆಗೆದುಕೊಂಡದ್ದನ್ನು ಕೊಡುವುದಿಲ್ಲ ಎಂದು ಹಿರಿಯರು ತೀರ್ಮಾನಿಸಿ, ದರ್ಭೆಯ ಬೊಂಬೆ ಕಟ್ಟಿ ಹೊಳೆದಂಡೆಯಲ್ಲಿ ಸುಟ್ಟಿದ್ದರು. ಅವತ್ತಿನಿಂದ ಟೀಕಾ ತಲೆ ಬೋಳಿಸಿಕೊಂಡು ಬಿಳಿ ಬಟ್ಟೆಯಲ್ಲಿ ಗೆರೆಯೊಳಗೇ ಇದ್ದ. ದಿನಕ್ಕೊಂದು ಪಿಂಡ, ಒಂದು ಹೊತ್ತು ಉಪ್ಪಿಲ್ಲದ ಅನ್ನ. ಅವನು ಯಾರನ್ನೂ ಮುಟ್ಟುವಂತಿಲ್ಲ, ಅವನನ್ನೂ ಯಾರೂ ಮುಟ್ಟುವಂತಿಲ್ಲ.

ದೇವಕಲಾ ಜಗಲಿಯಲ್ಲಿ ಚಾಪೆಯ ಮೇಲೆ ಕೂತಿದ್ದಳು. ಬಿಳಿ ಸೀರೆ, ಬರಿಗೊರಳು, ಬರಿಗೈ, ಬೈತಲೆಯಲ್ಲಿ ಸಿಂಧೂರವಿಲ್ಲ. ಮೂವತ್ತೈದರ ಹೆಂಗಸು, ಐವತ್ತರವಳಂತೆ ಕಾಣುತ್ತಿದ್ದಳು. ಅವಳ ಹಿಂದೆ ಜಗಲಿಯುದ್ದಕ್ಕೂ ಗಂಡನ ಕುಂಡಗಳು, ಒಂದೊಂದಕ್ಕೂ ಸುಣ್ಣದ ಗೆರೆ.

“ಬನ್ನಿ ದಿದಿ. ಅಲ್ಲೇ ಆ ಬೆತ್ತದ ಮೋಡಾ ಮೇಲೆ ಕೂತ್ಕೊಳ್ಳಿ. ಕುಡಿಯೋಕೆ ಏನೂ ಕೊಡೋ ಹಾಗಿಲ್ಲ, ಬೇಜಾರು ಮಾಡ್ಕೋಬೇಡಿ.”

“ಇರಲಿ ಬಹಿನಿ. ನೋಡಿ ಹೋಗೋಣ ಅಂತ ಬಂದೆ.”

ಕೂತೆ. ಕಣ್ಣು ಕುಂಡಗಳ ಮೇಲೆ ಹಾಯಿಸಿದೆ. ಎಲ್ಲದರ ಮೇಲ್ಪದರವೂ ಬೂದಿ ಬಣ್ಣಕ್ಕೆ ತಿರುಗಿ, ಪಾಚಿ ಹಿಡಿದಿತ್ತು. ಮಧ್ಯದ ಒಂದು ಮಾತ್ರ ಹೊಸ ಮರಜರಿಯ ಚೂರಿನಿಂದ ಕಪ್ಪಗೆ ಕಾಣುತ್ತಿತ್ತು. ಎಲೆಯ ಬುಡದಲ್ಲಿ ನೇರಳೆ ಗೆರೆ. ಒಂದು ಕಡೆಯ ಗೆಡ್ಡೆಗಳು ಇರಲಿಲ್ಲ.

“ಸೂತಕದಲ್ಲಿ ಗಿಡ ಮುಟ್ಟಬಹುದಾ ದೇವಕಲಾ?”

“ಎಲ್ಲಾದ್ರೂ ಉಂಟಾ?”

“ಮತ್ತೆ ಇದನ್ನ ಯಾರು ಮುಟ್ಟಿದ್ದು?”

ಅವಳು ಹಿಂದಕ್ಕೆ ತಿರುಗಿ ನೋಡಲಿಲ್ಲ. ಯಾವ ಕುಂಡ ಎಂದು ಕೇಳಲೂ ಇಲ್ಲ. ನೋಡಿದಿರಾ, ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಸಿಕ್ಕಿಬೀಳುವುದು ಹೀಗೇ.

“ಮೊದಲೇ ಮಾಡಿಟ್ಟಿದ್ರೇನೋ ಅವರು.”

“ಅವನು ಗೆಡ್ಡೆನ ಕುತ್ತಿಗೆ ತನಕ ಹೂಳ್ತಿದ್ನಾ? ಇಡೀ ಬೆಟ್ಟಕ್ಕೆ ಕಲಿಸಿದವನು?”

ಅವಳು ಸೆರಗಿನ ಒಳಗೆ ಕೈ ಎಳೆದುಕೊಂಡಳು.

“ಕೈ ತೋರಿಸು.”

“ದಿದಿ, ನೀವು ಮುಟ್ಟೋ ಹಾಗಿಲ್ಲ.”

“ಮುಟ್ಟಲ್ಲ. ತೋರಿಸು ಸಾಕು.”

ಅವಳು ಎರಡೂ ಕೈ ಮುಂದಕ್ಕೆ ಚಾಚಿದಳು. ಉಗುರುಗಳ ಸಂದಿಯಲ್ಲಿ ಹಳದಿ.

ಒಂಬತ್ತು ದಿನದಿಂದ ಈ ಮನೆಯಲ್ಲಿ ಉಪ್ಪಿಲ್ಲ, ಎಣ್ಣೆಯಿಲ್ಲ, ಅರಿಶಿನವಿಲ್ಲ. ಡಬ್ಬಿಯನ್ನೇ ತೆಗೆಯುವುದಿಲ್ಲ. ಗಂಡ ಸತ್ತ ಹೆಂಗಸಿನ ಕೈಗೆ ಅರಿಶಿನ ತಾಗಿತು ಎಂದರೆ ಸಾಕು, ಅತ್ತೆಮನೆಯವರು ಅವಳನ್ನು ಬದುಕಲು ಬಿಡುವುದಿಲ್ಲ. ಬಳೆ ಒಡೆದುಕೊಂಡವಳು, ಮುತ್ತೈದೆಯ ಪೋತೆ ಮಣಿಸರ ಹರಿದುಕೊಂಡವಳು, ಒಂದು ತಪ್ಪಿಲ್ಲದಂತೆ ಎಲ್ಲ ನಡೆಸಿದವಳು ಇದೊಂದರಲ್ಲಿ ಹೇಗೆ ಎಡವಿದಳು? ಸುನಾಖರಿ ಬೆಳೆಯುವ ಮನೆಯವಳು ಮಾತ್ರ ಹಾಗೆ ಎಡವಬಲ್ಲಳು. ಕುಂಡದ ಪಕ್ಕ ಇಡುವ ಅರಿಶಿನ ನಮಗೆ ಅರಿಶಿನವೇ ಅಲ್ಲ, ಅದು ಗಿಡದ ಔಷಧಿ. ಅಡುಗೆಮನೆಯ ಡಬ್ಬಿಗೆ ಅವಳು ಕೈ ಹಾಕಿರಲಾರಳು, ಜಗಲಿಯ ಡಬ್ಬಿಗೆ ಹಾಕಿದ್ದಳು.

ಇಲ್ಲ, ಅಷ್ಟೇ ಅಲ್ಲ ಎಂದು ನನ್ನ ಪೊಲೀಸ್ ಬುದ್ಧಿ ಹೇಳಿತು. ಮನಸ್ಸಿನ ಒಳಗೆ ತಾನು ವಿಧವೆ ಎಂದು ಒಪ್ಪಿದ ಹೆಂಗಸಿನ ಕೈ ತಾನಾಗಿಯೇ ತಡೆಯುತ್ತಿತ್ತು. ಇವಳ ಕೈ ತಡೆದಿಲ್ಲ. ಹೆಣ ಬೇರೆ ಸಿಕ್ಕಿಲ್ಲ. ಎರಡೂ ಸೇರಿ ಒಂದೇ ಕಡೆ ಬೆರಳು ತೋರಿಸುತ್ತಿದ್ದವು, ಮತ್ತು ಅದು ನಿಜವಾದರೆ ನೋರ್ಡೆನ್ ನಾಳೆ ತನ್ನ ತಾಯಿಯ ಮನೆಯಲ್ಲಿ ಉಣ್ಣುತ್ತಾನೆ. ನನಗೆ ಒಳಗೊಳಗೇ ಹಿಗ್ಗಾಯಿತು.

ಧ್ವನಿ ತಗ್ಗಿಸಿ ಹೇಳಿದೆ: “ದೇವಕಲಾ, ನಿನ್ನ ಗಂಡ ಬದುಕಿದ್ದಾನೆ. ಅದು ನಿನಗೆ ಗೊತ್ತು.”

ಅವಳು ತಲೆಯೆತ್ತಿದಳು. ಆ ಮುಖದಲ್ಲಿ ಸಿಕ್ಕಿಬಿದ್ದವಳ ಗಾಬರಿ ಇರುತ್ತದೆ ಎಂದುಕೊಂಡಿದ್ದೆ. ಇರಲಿಲ್ಲ. ನನ್ನ ಬಗ್ಗೆ ಒಂದು ಬಗೆಯ ಮರುಕ ಇತ್ತು.

“ಬದುಕಿದ್ದಿದ್ರೆ ಆ ಗಿಡಕ್ಕೆ ಚಾಕು ಹಾಕೋ ಧೈರ್ಯ ನನಗೆಲ್ಲಿಂದ ಬರ್ತಿತ್ತು ದಿದಿ?”

ಬಲಗೈಯ ಕಿರುಬೆರಳು ಎತ್ತಿ ತೋರಿಸಿದಳು. ಅದು ಮಡಚುತ್ತಿರಲಿಲ್ಲ. “ಒಂದ್ಸಲ ಅವರು ಕಾಲಿಂಪೋಂಗಿಗೆ ಹೋಗಿದ್ರು. ಗಿಡ ಒಣಗ್ತಿದೆ ಅಂತ ಒಂದು ಲೋಟ ನೀರು ಹಾಕಿದ್ದೆ. ಬಾಗಿಲ ಸಂದಿಗೆ ಸಿಕ್ತು ಅಂತ ಆಸ್ಪತ್ರೆಯಲ್ಲಿ ಹೇಳಿದ್ದು. ಬಾಗಿಲ ಸಂದಿಗೆ ಸಿಕ್ಕಿದ್ದು ನಿಜಾನೇ. ಬಾಗಿಲು ಹಾಕಿದವರು ಯಾರು ಅಂತ ಯಾರೂ ಕೇಳಲಿಲ್ಲ.”

“ನನ್ನ ಹತ್ರ ಬರಬಹುದಿತ್ತಲ್ಲ.”

“ಬಂದು? ಹೂವಿನ ರಾಜ ಅಂತ ಅವರಿಗೆ ಶಾಲು ಹೊದಿಸಿದ ಸಭೆಯಲ್ಲಿ ಮುಂದಿನ ಸಾಲಲ್ಲಿ ಕೂತಿದ್ರಿ ನೀವು.”

ಹೌದು, ಕೂತಿದ್ದೆ. ಚಪ್ಪಾಳೆಯನ್ನೂ ತಟ್ಟಿದ್ದೆ.

“ಅದು ನನ್ನ ಗಿಡ ದಿದಿ,” ಎಂದಳು. “ನಿಮ್ಕಿತ್ ಆಮಾ ನನ್ನ ಮಡಿಲಿಗೆ ಹಾಕಿದ್ದು. ಅವರು ಹೋದ ಮೇಲೆ ನಾನು ನಿದ್ದೆ ಮಾಡ್ತಿದ್ದೀನಿ. ಹೇಳೋಕೆ ನಾಚಿಕೆ ಆಗ್ತದೆ. ಜನ ಬಂದು ಅಳ್ತಾರೆ, ನಾನೂ ಅಳ್ತೀನಿ, ಹೋದ ಮೇಲೆ ಕಣ್ತುಂಬ ನಿದ್ದೆ ಮಾಡ್ತೀನಿ. ನಿನ್ನೆ ಸಂಜೆ ಎದ್ದು ಕೂತಾಗ ಆ ಕುಂಡ ಕಣ್ಣಿಗೆ ಬಿತ್ತು. ಬೇರು ಕುಂಡದಿಂದ ಹೊರಗೆ ಬಂದಿತ್ತು. ಉಸಿರು ಕಟ್ಟಿದ ಹಾಗೆ ಇತ್ತು. ಕೈ ತಾನಾಗೇ ಹೋಯ್ತು.”

“ಸರಿ. ಪಾಲನ್ನ ನೋರ್ಡೆನ್ ಮನೆಗೆ ಯಾಕೆ ಇಟ್ಟು ಬಂದೆ? ನಿನ್ನ ಗಂಡನ್ನ ಕೊಂದವನು ಅಂತಾರಲ್ಲ ಅವನನ್ನ?”

ಅಂಗಳದ ಗುಡಿಸಲಿನ ಕಡೆ ಒಮ್ಮೆ ನೋಡಿ, ಅವಳು ದನಿ ಇಳಿಸಿದಳು.

“ನೋರ್ಡೆನ್ ಕೊಂದಿಲ್ಲ.”

“ಹೇಗೆ ಗೊತ್ತು?”

“ಅವನು ಇಲ್ಲಿದ್ದ. ಸೇತುವೆ ಹತ್ರ ಜಗಳ ಆದ ಮೇಲೆ ನೆಟ್ಟಗೆ ಇಲ್ಲಿಗೇ ಬಂದ. ನೀವು ಕೂತಿರೋ ಮೋಡಾ ಮೇಲೇ ಕೂತಿದ್ದ. ಭಾವುಜ್ಯೂ, ಆಮಾ ಆ ಗಿಡ ನೆನೆಸ್ಕೊಂಡು ಊಟ ಬಿಟ್ಟಿದ್ದಾಳೆ, ನೀವಾದ್ರೂ ನಿಮ್ಮವರಿಗೆ ಹೇಳಿ ಅಂದ. ಅತ್ತುಬಿಟ್ಟ ದಿದಿ, ಅಷ್ಟು ದೊಡ್ಡ ಗಂಡಸು. ಕತ್ತಲಾಗಿ ದೀಪ ಹಚ್ಚಿದ ಮೇಲೂ ಕೂತಿದ್ದ. ಅಷ್ಟರಲ್ಲಿ ಕೆಳಗೆ ಶಾಲು ಸಿಕ್ತು ಅಂತ ಗಲಾಟೆ ಶುರುವಾಯ್ತು.”

“ಇದನ್ನ ಅವನು ನನಗೆ ಹೇಳಲಿಲ್ಲ! ಎಷ್ಟು ಕೇಳಿದ್ರೂ ನೆಟ್ಟಗೆ ಮನೆಗೆ ಹೋದೆ ಅಂತಾನೇ ಹೇಳ್ತಿದ್ದ.”

“ಹೇಗೆ ಹೇಳ್ತಾನೆ? ಗಂಡ ಇಲ್ಲದ ಹೊತ್ತಲ್ಲಿ, ಕತ್ತಲಲ್ಲಿ, ಪರರ ಹೆಂಡತಿ ಜೊತೆ ಕೂತಿದ್ದೆ ಅಂತ? ಅವತ್ತು ರಾತ್ರಿಯೇ ಈ ಮನೆಯವರು ನನ್ನನ್ನ ಅದೇ ಹೊಳೆಗೆ ಹಾಕ್ತಿದ್ರು. ಅವನಿಗೆ ಅದು ಗೊತ್ತು. ನನ್ನ ಮಾನ ಉಳಿಸೋಕೆ ಅವನು ಬಾಯಿಗೆ ಬೀಗ ಹಾಕ್ಕೊಂಡ. ನಾನು ನನ್ನ ಜೀವ ಉಳಿಸ್ಕೊಳ್ಳೋಕೆ ಬೀಗ ಹಾಕ್ಕೊಂಡೆ.”

ನೋರ್ಡೆನ್‌ನ ಮೇಲೆ ನನಗೆ ಸಿಟ್ಟು ಬಂತು. ದಿನವೂ ಸರಳಿನ ಆಚೆ ತಲೆತಗ್ಗಿಸಿ ಕೂರುತ್ತಿದ್ದ ಆ ಮೊದ್ದುಮನುಷ್ಯನನ್ನು ನಾನು ಎಷ್ಟು ಬೈದಿದ್ದೆ.

“ಇನ್ನೊಂದು ಕೇಳ್ತೀನಿ. ನೋರ್ಡೆನ್ ಇಲ್ಲಿದ್ದ. ನೀನು ಇಲ್ಲಿದ್ದೆ. ಟೀಕಾ ಎಲ್ಲಿದ್ದ?”

“ಬೇಡ ದಿದಿ.”

“ದೇವಕಲಾ.”

“ನೋರ್ಡೆನ್ ಹೋದ ಮೇಲೆ ಬಂದ. ಮಂಡಿ ತನಕ ಒದ್ದೆ. ಊಟ ಬೇಡ ಅಂದ. ತನ್ನ ಬಟ್ಟೆ ತಾನೇ ಒಗೆದ, ಯಾವತ್ತೂ ಒಗೆಯದವನು. ಕಾಕಾ ಹೊಳೆಗೆ ಬಿದ್ರಂತೆ ಅಂತ ಜನ ಬಂದು ಹೇಳಿದಾಗ ನನ್ನ ಮುಖ ನೋಡಲಿಲ್ಲ. ಇವತ್ತಿನ ತನಕ ನೋಡಿಲ್ಲ.”

“ಮತ್ತೆ ಅವನ ಕೈಯಿಂದಲೇ ಪಿಂಡ ಇಡಿಸ್ತಿದ್ದೀಯಾ?”

“ಇನ್ಯಾರಿದ್ದಾರೆ ಇಡೋಕೆ?” ಎಂದು ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. “ನಾಳೆ ಹತ್ತನೇ ಪಿಂಡ. ಅದು ಬಿದ್ರೆ ಜೀವಕ್ಕೆ ದೇಹ ಪೂರ್ತಿ ಆಗ್ತದೆ, ದಾರಿ ಹಿಡೀತದೆ. ಬೀಳದಿದ್ರೆ ಇಲ್ಲೇ ಮನೆ ಸುತ್ತ ಸುತ್ತುತ್ತದೆ ಅಂತಾರೆ ಪಂಡಿತರು. ಅವರು ಸುತ್ತೋದು ನನಗೆ ಬೇಡ ದಿದಿ. ಹೋಗಲಿ. ಪೂರ್ತಿಯಾಗಿ ಹೋಗಿಬಿಡಲಿ. ನಾಳೆ ಒಂದು ದಿನ ಬಿಟ್ಟುಬಿಡಿ, ಆಮೇಲೆ ಟೀಕಾನ್ನ ಬೇಕಾದ್ರೆ ಕರ್ಕೊಂಡು ಹೋಗಿ, ನಾನೂ ಬಂದು ಎಲ್ಲಿ ಬೇಕಾದ್ರೂ ಹೇಳ್ತೀನಿ.”

“ನಾಳೆ ಬೆಳಿಗ್ಗೆ ನೋರ್ಡೆನ್ ಜೈಲಿಗೆ ಹೋಗ್ತಾನೆ. ನಿನ್ನ ಪಂಡಿತರ ಹಾಗೆ ಕೋರ್ಟು ಕಾಯಲ್ಲ.”

“ಅದಕ್ಕೇ... ಅದಕ್ಕೇ ಗಿಡ ಕೊಟ್ಟೆ ಆಮಾಗೆ.”

“ಗಿಡ ಯಾರಿಗೆ ಬೇಕು ಮಾರಾಯ್ತಿ? ಆ ಮುದುಕಿಗೆ ಮಗ ಬೇಕು!”

ನನ್ನ ದನಿ ಏರಿಬಿಟ್ಟಿತ್ತು. ಗೇಟಿನಲ್ಲಿ ಸಂತಬೀರ್ ತಿರುಗಿ ನೋಡಿದ. ದೇವಕಲಾ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಅತ್ತಳು. ಜನಕ್ಕೆ ತೋರಿಸುವ ಅಳುವಲ್ಲ ಅದು, ಸದ್ದೇ ಬರುತ್ತಿರಲಿಲ್ಲ. ಆಮೇಲೆ ತಲೆಯಾಡಿಸಿದಳು.

“ಬರ್ತೀನಿ ದಿದಿ. ನೋರ್ಡೆನ್ ಇಲ್ಲಿದ್ದ ಅಂತ ಹೇಳ್ತೀನಿ. ಎಲ್ಲರ ಮುಂದೆ ಹೇಳ್ತೀನಿ. ಈ ಮನೆಯವರು ಏನು ಬೇಕಾದ್ರೂ ಮಾಡ್ಕೊಳ್ಳಲಿ.”

ನಾನು ಎದ್ದೆ. ಇನ್ನು ಉಳಿದದ್ದು ಆ ಗುಡಿಸಲು. ಕ್ರಿಯೆಗೆ ಕೂತವನನ್ನು ಗೆರೆಯ ಒಳಗಿನಿಂದ ಎಳೆದು ತಂದ ಪೊಲೀಸರ ಕಥೆ ನಾನಂತೂ ಕೇಳಿಲ್ಲ. ಊರೇ ನನ್ನ ಮೇಲೆ ಬೀಳುತ್ತದೆ, ಬೀಳಲಿ ಎಂದುಕೊಂಡೆ.

ಅಷ್ಟರಲ್ಲಿ ಅವನೇ ಹೊರಗೆ ಬಂದ.

ಸಗಣಿಯ ಗೆರೆಯ ಅಂಚಿಗೆ ಬಂದು ನಿಂತ. ಬೋಳುತಲೆ, ಕಣ್ಣು ಗುಳಿಬಿದ್ದಿದ್ದವು, ಉಪ್ಪಿಲ್ಲದ ಅನ್ನ ತಿಂದು ತಿಂದು ಮುಖ ಊದಿಕೊಂಡಿತ್ತು.

“ಕಾಕಿ,” ಎಂದ. “ನಾನು ಕೊಂದೆ ಅಂದ್ಕೊಂಡಿದ್ರಾ? ಇಷ್ಟು ದಿನ? ಅಂದ್ಕೊಂಡೇ ಅಕ್ಕಿ ಬೇಯಿಸಿ ಕೊಡ್ತಿದ್ರಾ ನನಗೆ?”

“ಕೊಂದಿಲ್ಲದಿದ್ರೆ ಹೊಳೆ ಹತ್ರ ಏನು ಮಾಡ್ತಿದ್ದೆ ಟೀಕಾ?” ಎಂದೆ.

“ಶಾಲು ಸಿಕ್ಕಿಸಿದ್ದು ನಾನು.”

“ಏನು?”

“ಕಂಬಿಗೆ ಶಾಲು ಸಿಕ್ಕಿಸಿದ್ದು ನಾನು. ಚಪ್ಪಲಿ ಬಿಟ್ಟಿದ್ದೂ ನಾನೇ. ಕಾಕಾ ಹೇಳಿಕೊಟ್ಟ ಹಾಗೆ ಮಾಡಿದೆ. ರಸ್ತೆಯಲ್ಲಿ ಜನ ನೋಡ್ತಾರೆ ಅಂತ ಹೊಳೆ ಅಂಚಿನಲ್ಲೇ ಅವರನ್ನ ಕೆಳಗಿನ ತಿರುವಿನ ತನಕ ಬಿಟ್ಟು ಬಂದೆ. ಅಲ್ಲಿ ಜೀಪು ನಿಂತಿತ್ತು. ಹತ್ತಿ ಹೋದ್ರು.” ಅವನು ಅಳತೊಡಗಿದ. “ಯಾಕೆ ಅಂತ ನಾನು ಕೇಳಲಿಲ್ಲ ದಿದಿ. ಅವರನ್ನ ಯಾಕೆ ಅಂತ ಕೇಳಿದವರು ಈ ಮನೆಯಲ್ಲಿ ಯಾರಿದ್ದಾರೆ? ಬದುಕಿರೋ ಮನುಷ್ಯನಿಗೆ ದಿನಾ ಪಿಂಡ ಇಡ್ತಿದ್ದೀನಿ. ಇವತ್ತು ಇಡೋವಾಗ ಕೈ ನಡುಗಿ ಕೆಳಗೆ ಬಿತ್ತು. ನಾಳೆ ನನ್ನಿಂದ ಆಗಲ್ಲ. ನನ್ನ ಕೈಲಿ ಆಗಲ್ಲ.”

ನಾನು ಅಲ್ಲಿ ನಿಂತುಕೊಂಡೇ ಮನಸ್ಸಿನಲ್ಲಿ ನೋರ್ಡೆನ್‌ನನ್ನು ಬಿಡಿಸಿ ಮನೆಗೆ ಕಳಿಸಿಬಿಟ್ಟಿದ್ದೆ. ಬದುಕಿದ್ದಾನೆ! ಸತ್ತವನೇ ಇಲ್ಲದ ಮೇಲೆ ಕೊಲೆ ಎಲ್ಲಿಯದು? ಕೋಟು ಬೇಡ ಆಮಾ ಎಂದು ಓಡಿಹೋಗಿ ಹೇಳಬೇಕು ಅನ್ನಿಸಿತು. ಬಾಯಿತುಂಬ ನಗು ಬರುತ್ತಿತ್ತು, ಸೂತಕದ ಮನೆಯೆಂದು ತಡೆದುಕೊಂಡೆ.

“ಈಗ ಎಲ್ಲಿದ್ದಾನೆ ಅವನು?”

“ಗೊತ್ತಿಲ್ಲ. ಆದ್ರೆ ಬರ್ತಾರೆ.” ಟೀಕಾ ಮೂಗೊರೆಸಿಕೊಂಡು ಜಗಲಿಯ ಕಡೆ ನೋಡಿದ. “ಹದಿಮೂರು ದಿನ ಮುಗಿಯೋದ್ರೊಳಗೆ ಒಂದ್ಸಲ ಬಂದು ಆ ಬಿಳಿ ಹೂವಿನ ಗಿಡ ತಗೊಂಡು ಹೋಗ್ತೀನಿ ಅಂದಿದ್ದಾರೆ. ಅದರ ಒಂದು ಎಲೆಗೂ ಯಾರೂ ಕೈ ಹಚ್ಚಬಾರದು ಅಂತ ಹೇಳಿ ಹೋಗಿದ್ದಾರೆ.”

ಒಳ್ಳೆಯ ಸುದ್ದಿ ಕೇಳಿದೆಯಾ ಎಂದು ಹೇಳಲು ನಾನು ದೇವಕಲಾಳ ಕಡೆ ತಿರುಗಿದೆ.

ಅವಳು ಚಾಪೆಯಿಂದ ಎದ್ದಿದ್ದಳು. ಗಂಡ ಬದುಕಿದ್ದಾನೆಂದು ಕೇಳಿದ ಹೆಂಗಸಿನ ಮುಖ ನಾನು ಹಿಂದೆ ನೋಡಿದ್ದೆ, ಭೂಕುಸಿತದ ವರ್ಷ, ಆಸ್ಪತ್ರೆಯ ಬಾಗಿಲಲ್ಲಿ. ಇದು ಆ ಮುಖವಲ್ಲ. ಅವಳ ತುಟಿಯಲ್ಲಿ ರಕ್ತವೇ ಇರಲಿಲ್ಲ. ಸೂತಕ, ಮೈಲಿಗೆ, ಊರಿನ ಕಣ್ಣು ಎಲ್ಲವನ್ನೂ ಮರೆತು ನನ್ನ ಎರಡೂ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಮಡಚದ ಆ ಕಿರುಬೆರಳು ನನ್ನ ಅಂಗೈಗೆ ಒತ್ತಿತು.

“ದಿದಿ, ಆಮಾ ಮನೆಗೆ ಹೋಗಿ,” ಎಂದಳು. “ಆ ತುಂಡು ವಾಪಸ್ ತಂದುಕೊಡಿ. ಹೇಗಾದ್ರೂ ಮಾಡಿ ಜೋಡಿಸಿಡ್ತೀನಿ. ಬೇಗ ಹೋಗಿ ದಿದಿ, ಅವರು ಬರೋದ್ರೊಳಗೆ.”